ಗೋಲ್‌ಕೀಪರ್ ಖರೀದಿಯ ಹುಚ್ಚು ಸಾಕು

ಮಾನ್ಯರೆ,

ಭಾನುವಾರದ ಹಾಕಿ ಫೈನಲ್‌ನಲ್ಲಿ ನಮ್ಮ ಊರಿನ ಕ್ಲಬ್ ಸೋತ ವರದಿಯ ಕೊನೆಯ ಸಾಲು ಓದಿ ಮೈ ಉರಿಯಿತು. ಈ ಬಾರಿ ಆಡಿದ ಹೊರರಾಜ್ಯದ ಗೋಲ್‌ಕೀಪರ್‌ನನ್ನೇ ಕ್ಲಬ್ ಪದಾಧಿಕಾರಿಗಳು ಮುಂದಿನ ಋತುವಿಗೂ ಕರೆತರುತ್ತಾರಂತೆ. ಕೇಳಿದಷ್ಟು ದುಡ್ಡು ಕೊಡುವುದಲ್ಲದೆ, ನಮ್ಮ ಇಬ್ಬರು ಎಳೆಯ ಆಟಗಾರರನ್ನು ಆ ಕಡೆಯ ಕ್ಲಬ್ಬಿಗೆ ಬಿಟ್ಟುಕೊಡುತ್ತಾರಂತೆ!

ಆತನ ಆಟದಲ್ಲಿ ದೋಷವಿಲ್ಲ. ಪೆನಾಲ್ಟಿ ಕಾರ್ನರ್‌ಗಳನ್ನು ಒಂದರ ಹಿಂದೊಂದು ತಡೆದ. ಆದರೆ ನಮ್ಮ ಫಾರ್ವರ್ಡ್‌ಗಳು ಎದುರಾಳಿಯ ಗೋಲಿನ ಮುಂದಿನ ವೃತ್ತದೊಳಗೆ ಕಾಲಿಡಲೂ ಪರದಾಡಿದರು. ಗೋಲು ಹೊಡೆಯುವವರೇ ಇಲ್ಲದಿದ್ದರೆ ಗೋಲು ಕಾಯುವವನು ಏನು ಮಾಡಿಯಾನು? ಹಾಕಿ ಇಂಡಿಯಾ ಲೀಗ್‌ನ 2024ರ ಹರಾಜಿನಲ್ಲಿ ತಮಿಳುನಾಡು ಡ್ರ್ಯಾಗನ್ಸ್ ತಂಡ ಐರ್ಲೆಂಡಿನ ಗೋಲ್‌ಕೀಪರ್ ಡೇವಿಡ್ ಹಾರ್ಟ್ ಅವರಿಗೆ 32 ಲಕ್ಷ ರೂಪಾಯಿ ಸುರಿಯಿತು. ಆ ತಂಡವೂ ಫೈನಲ್ ತಲುಪಲಿಲ್ಲ. ಅವರಿಗಾದರೆ ಆಟಗಾರರ ಖರೀದಿಗೆಂದೇ 4 ಕೋಟಿ ರೂಪಾಯಿಯ ಥೈಲಿ ಇತ್ತು. ನಮ್ಮ ಕ್ಲಬ್ ನಡೆಯುವುದು ಊರವರ ಚಂದಾ ಹಣದಲ್ಲಿ.

ನನ್ನ ಮಗನೂ ಗೋಲ್‌ಕೀಪರ್. ಇಡೀ ಟೂರ್ನಿ ಬೆಂಚಿನ ಮೇಲೆ ಕುಳಿತ. ಅವನ ಲೆಗ್‌ಗಾರ್ಡ್‌ನ ಫೋಮ್ ಕಿತ್ತು ಬಂದಿದೆ, ಪಟ್ಟಿ ಹರಿದ ಕಡೆ ಸುತಲಿ ದಾರ ಕಟ್ಟಿಕೊಂಡಿದ್ದಾನೆ. ಹೊಸ ಕಿಟ್ ಕೇಳಿದರೆ ‘ನಿಧಿ ಇಲ್ಲ’ ಎನ್ನುವ ಪದಾಧಿಕಾರಿಗಳಿಗೆ ಹೊರಗಿನವನಿಗೆ ಹೋಟೆಲ್ ಕೋಣೆ, ಓಡಾಡಲು ಕಾರು ಕೊಡಲು ನಿಧಿ ಎಲ್ಲಿಂದ ಬಂತು? ಟಿಕೆಟ್ ಕೊಂಡು ಹೋದ ನಮಗೆ ಗ್ಯಾಲರಿಯಲ್ಲಿ ನೆರಳಿಲ್ಲ, ಕುಡಿಯಲು ನೀರಿಲ್ಲ, ಶೌಚಾಲಯಕ್ಕೆ ಬೀಗ. ಬಹುಮಾನ ವಿತರಣೆಗೆ ಬರಬೇಕಿದ್ದ ಅಧಿಕಾರಿ ತಡಮಾಡಿದ್ದರಿಂದ ಕೊನೆಯ ಬಸ್ಸೂ ತಪ್ಪಿತು. ವಯಸ್ಸಾದ ತಾಯಿಯನ್ನು ಕರೆದುಕೊಂಡು ಆಟೊಗೆ ಮೂರು ಪಟ್ಟು ಬಾಡಿಗೆ ತೆತ್ತು ಮನೆ ಸೇರಿದೆ.

ಬಾರ್ಸಿಲೋನಾ ಒಲಿಂಪಿಕ್ಸ್‌ಗೆ ಹೋದ ಭಾರತ ತಂಡದಲ್ಲಿ ನಮ್ಮ ಕೊಡಗಿನ ಗೋಲ್‌ಕೀಪರ್ ಎ.ಬಿ. ಸುಬ್ಬಯ್ಯ ಇದ್ದರು. ಅವರನ್ನು ಯಾರೂ ದುಡ್ಡು ಕೊಟ್ಟು ತಂದಿರಲಿಲ್ಲ. 1998ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ದಕ್ಷಿಣ ಕೊರಿಯಾದ ಪೆನಾಲ್ಟಿ ಸ್ಟ್ರೋಕ್‌ಗಳನ್ನು ತಡೆದು ಚಿನ್ನ ತಂದುಕೊಟ್ಟ ಗೋಲ್‌ಕೀಪರ್ ಆಶೀಶ್ ಬಲ್ಲಾಳ್ ಅವರನ್ನು ಅದರ ಬೆನ್ನಿಗೇ ತಂಡದಿಂದ ಹೊರಗಿಟ್ಟರು. ಭಾರತದ ಗೋಲ್‌ಕೀಪರ್ ಆಗಿದ್ದ ಶ್ರೀಜೇಶ್ ಅವರ ಕಿಟ್‌ಗಾಗಿ ಅವರ ತಂದೆ ಹಸು ಮಾರಿದ್ದು ದೇಶಕ್ಕೇ ಗೊತ್ತು. ಅವರು ಗೋಲ್‌ಕೀಪರ್ ಆಗಿ ತಯಾರಾದದ್ದು ತಿರುವನಂತಪುರದ ಕ್ರೀಡಾ ಶಾಲೆಯಲ್ಲಿ. ನಮ್ಮಲ್ಲಿ ಟರ್ಫ್ (ಕೃತಕ ಹುಲ್ಲು) ಹಾಸುವ ಮಾತು ಪ್ರತಿ ಚುನಾವಣೆಯಲ್ಲೂ ಕೇಳುತ್ತದೆ, ಮೈದಾನದ ಕಲ್ಲು ಮಾತ್ರ ಹಾಗೆಯೇ ಇದೆ. ತರಬೇತುದಾರರ ಹುದ್ದೆಗೆ ಕೊಟ್ಟ ಮನವಿ ಯಾವ ಕಡತದಲ್ಲಿ ಕೊಳೆಯುತ್ತಿದೆಯೋ, ಕೇಳಿದರೆ ಒಬ್ಬರು ಇನ್ನೊಬ್ಬರ ಮೇಜು ತೋರಿಸುತ್ತಾರೆ.

ಈ ವ್ಯವಹಾರವನ್ನು ಕೂಡಲೇ ಕೈಬಿಟ್ಟು ಆ ಹಣದಲ್ಲಿ ಮಕ್ಕಳಿಗೆ ಕಿಟ್ ಕೊಡಿಸಲಿ, ಗೋಲ್‌ಕೀಪಿಂಗ್ ಕಲಿಸಬಲ್ಲ ಒಬ್ಬರನ್ನು ನೇಮಿಸಲಿ. ಕರೆತರಲೇಬೇಕೆಂದರೆ ಗೋಲು ಹೊಡೆಯಬಲ್ಲ ಒಬ್ಬನನ್ನಾದರೂ ತರಲಿ. ಎರಡೂ ಆಗದಿದ್ದರೆ ಪದಾಧಿಕಾರಿಗಳು ಕುರ್ಚಿ ಬಿಟ್ಟು ಇಳಿಯಲಿ. ಕ್ರೀಡಾ ಇಲಾಖೆಯವರೂ ಒಂದು ಪಂದ್ಯವನ್ನಾದರೂ ಶಾಮಿಯಾನದಿಂದ ಹೊರಬಂದು ನೋಡಲಿ. ನಾಚಿಕೆಯಾಗಬೇಕು ಇವರಿಗೆ!

– ಆಟಗಾರನೊಬ್ಬನ ತಂದೆ, ದಕ್ಷಿಣ ಕೊಡಗು