ಎಲ್ಲ ನೋವಿಗೂ ನೀರನ್ನೇ ದೂರಿದರೆ ಸಾಕಾ?

ಸಂಪಾದಕರೇ,

ಜಗಳೂರು ಕಡೆಯ ಹಳ್ಳಿಯಲ್ಲಿ ನಿಂತು ಮಂಡಿ ನೋವು ಅಂದರೆ ಸಾಕು, 'ನೀರಿನ ದೋಷ' ಅನ್ನುತ್ತಾರೆ. ಅದು ಸುಳ್ಳಲ್ಲ. ಜಗಳೂರು, ಮೊಳಕಾಲ್ಮುರು, ಚಳ್ಳಕೆರೆ, ಹಿರಿಯೂರು ಕಡೆಯ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು, ಅಲ್ಲಿ ದಾಟುತ್ತದೆ. ಕಾಯಿಸಿದರೂ ಹೋಗುವುದಿಲ್ಲ. ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲು ಕಂದಾಗುತ್ತದೆ, ದೊಡ್ಡವರ ಕುತ್ತಿಗೆ, ಬೆನ್ನು ಹಿಡಿದುಕೊಳ್ಳುತ್ತದೆ. ಆದರೆ ಈ ಉತ್ತರ ಎಲ್ಲರ ಬಾಯಲ್ಲೂ ಎಷ್ಟು ಸಲೀಸಾಗಿದೆ ಅಂದರೆ, ನೋವು ಅಂತ ಬಂದವರನ್ನು ಮುಟ್ಟಿ ನೋಡುವುದೂ ನಿಂತುಹೋಗಿದೆ, ಅವರ ಮನಸ್ಸಿನ ವಿಷಯ ಕೇಳುವುದಂತೂ ದೂರ ಉಳಿಯಿತು.

ನಾನು 30 ವರ್ಷಕ್ಕೂ ಜಾಸ್ತಿ ಸ್ಟಾಫ್ ನರ್ಸ್ ಆಗಿದ್ದು ನಿವೃತ್ತಳಾದವಳು. ದಾವಣಗೆರೆಯಲ್ಲಿದ್ದೇನೆ. ನನ್ನ ಅವ್ವನಿಗೇ ಹೀಗಾಯಿತು.

ಅಪ್ಪ ತೀರಿಕೊಂಡ ಮೇಲೆ ಅವ್ವ ಊರಿನಲ್ಲಿ ಅಣ್ಣನ ಜೊತೆ ಇದ್ದಳು. ಮಂಡಿ ನೋವು ಹಳೆಯದು, ಆ ವರ್ಷ ಹಾಸಿಗೆಯನ್ನೇ ಹಿಡಿದಳು. ಅಣ್ಣ ಮೂರು ಸಲ ಆಸ್ಪತ್ರೆಗೆ ಕರೆದುಕೊಂಡು ಹೋದ. ಮೂರು ಸಲವೂ ಬಿಪಿ, ತೂಕ, ಎಕ್ಸ್‌ರೇ, ನೋವಿನ ಮಾತ್ರೆ. ಎದ್ದು ನಾಲ್ಕು ಹೆಜ್ಜೆ ನಡೆಯಿರಿ ಅಂತ ಯಾರೂ ಅನ್ನಲಿಲ್ಲ. ರಾತ್ರಿ ನಿದ್ದೆ ಬರುತ್ತಾ ಅಂತಲೂ ಕೇಳಲಿಲ್ಲ. ನಾನು ಕೂಡ ಫೋನಿನಲ್ಲಿ 'ಮಾತ್ರೆ ತಗೊಂಡ್ಯಾ ಅವ್ವಾ' ಅಂತಷ್ಟೇ ಕೇಳುತ್ತಿದ್ದೆ. ಈಗ ನೆನೆಸಿಕೊಂಡರೆ ಗಂಟಲು ಕಟ್ಟುತ್ತದೆ.

ಒಂದು ದಿನ ಉಪಕೇಂದ್ರದ ಸಿಸ್ಟರ್ ಬಿಪಿ ನೋಡಲು ಮನೆಗೆ ಬಂದರು. ಅವ್ವನನ್ನು ಕುರ್ಚಿಯ ಮೇಲೆ ಕೂರಿಸಿ, ಎದ್ದು ತುಳಸಿಕಟ್ಟೆವರೆಗೆ ನಡೆದು ಬಂದು ಕೂರಲು ಹೇಳಿದರು. ಇದು ಆಟವಲ್ಲ, ನರ್ಸಿಂಗ್‌ನಲ್ಲಿ ಕಲಿಸುವ ಪರೀಕ್ಷೆ. ಮೂರು ಮೀಟರ್ ಹೋಗಿ ಬಂದು ಕೂರಲು 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಬೇಕಾದರೆ ವಯಸ್ಸಾದವರು ಬೀಳುವ ಅಪಾಯ ಇದೆ ಅಂತ ಲೆಕ್ಕ. ಅವ್ವ ನಿಧಾನಕ್ಕೆ ಎದ್ದಳು, ಆದರೆ ಎದ್ದಳು. ನಡೆದು ಬಂದಳು. ಸಿಸ್ಟರ್ ಅತ್ತಿಗೆಯನ್ನು ನೀರು ತರಲು ಒಳಗೆ ಕಳಿಸಿ, ಪಕ್ಕದಲ್ಲಿ ಕೂತು, 'ನಡೆಯೋಕೆ ಆಗ್ತೈತಲ್ಲ ಅಜ್ಜಿ, ಮತ್ಯಾಕೆ ದಿನವೆಲ್ಲ ಮಲಗಿರ್ತೀರಿ?' ಅಂದರಂತೆ.

'ಯಾರಿಗೋಸ್ಕರ ಏಳ್ಲವ್ವಾ?'

ನೀರಿಗೂ ಎಕ್ಸ್‌ರೇಗೂ ಸಿಗದ ಉತ್ತರ ಅದು. ಎಷ್ಟೋ ತಿಂಗಳಿಂದ ರಾತ್ರಿ ಮೂರಕ್ಕೆ ಎಚ್ಚರವಾಗುತ್ತಿತ್ತು, ಅನ್ನ ಸೇರುತ್ತಿರಲಿಲ್ಲ, ಅಪ್ಪನ ಹಿಂದೆಯೇ ಹೋಗಿಬಿಡಬೇಕು ಅನಿಸುತ್ತಿತ್ತು. ಸಾಯುವ ಯೋಚನೆ ಬರುತ್ತಾ ಅಂತ ಸಿಸ್ಟರ್ ನೇರವಾಗಿ ಕೇಳಿದರು. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತೆ ಅಂತ ಬಹಳ ಜನ ಹೆದರುತ್ತಾರೆ, ಅದು ತಪ್ಪು, ಕೇಳಿದರೆ ಜೀವ ಹಗುರಾಗುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಂಡಳು, ಔಷಧ ಶುರುವಾಯಿತು. ಎರಡು ತಿಂಗಳಿಗೆ ಅವ್ವ ಪಡಸಾಲೆಯಲ್ಲಿ ಕೂತು ಶೇಂಗಾ ಸುಲಿಯತೊಡಗಿದಳು. ಮಂಡಿ ಈಗಲೂ ನೋಯುತ್ತದೆ.

ನಮ್ಮ ಜನ 'ನನಗೆ ದುಃಖ' ಅಂತ ಬಾಯಿಬಿಟ್ಟು ಹೇಳುವುದಿಲ್ಲ. ಮೈಕೈ ನೋವು, ಎದೆ ಭಾರ, ಕಾಲು ಸೆಳೆತ ಅನ್ನುತ್ತಾರೆ. ಹಾಗಂತ ನೋವು ಸುಳ್ಳಲ್ಲ. ನೋವಿನಿಂದ ನಿದ್ದೆ ಹೋಗುತ್ತದೆ, ನಿದ್ದೆ ಹೋದರೆ ಮನಸ್ಸು ಕುಗ್ಗುತ್ತದೆ, ಮನಸ್ಸು ಕುಗ್ಗಿದರೆ ಅದೇ ನೋವು ಎರಡರಷ್ಟಾಗುತ್ತದೆ. ಅದಕ್ಕೇ ಎಲುಬು ಮುಟ್ಟಿ ನೋಡುವ ಕೈಯೇ ಮನಸ್ಸನ್ನೂ ಕೇಳಬೇಕು ಅನ್ನುವುದು.

ಹುಟ್ಟಿದ ಕೂಸಿನ ತೊಡೆ ಅಗಲಿಸಿ ಸೊಂಟದ ಕೀಲು ಜಾರಿದೆಯಾ ಅಂತ ನೋಡುವಾಗಲೇ ಬಾಣಂತಿಯ ಮುಖವನ್ನೂ ನೋಡಬೇಕು. ನಮ್ಮಲ್ಲಿ ಬಾಣಂತಿ ಸೊಂಟ ನೋವು ಅಂದರೆ ಶೀತ ಆಗಿದೆ, ಸೊಂಟ ಬಿಗಿಯಾಗಿ ಕಟ್ಟಿ ಅಂತ ಮುಗಿಸುತ್ತಾರೆ. ಕೂಸು ಮಲಗಿದಾಗಲೂ ಅವಳಿಗೆ ನಿದ್ದೆ ಬರುತ್ತಿಲ್ಲವಾ, ಕಾರಣವಿಲ್ಲದೆ ಅಳುತ್ತಾಳಾ, ಕೂಸನ್ನು ಎತ್ತಿಕೊಳ್ಳಲೂ ಬೇಡ ಅನಿಸುತ್ತಾ? ಇದಕ್ಕೆ ಹತ್ತು ಪ್ರಶ್ನೆಗಳ ಪಟ್ಟಿಯೇ ಇದೆ, ಓದುವಾಗ ನಾವೆಲ್ಲ ಬಾಯಿಪಾಠ ಮಾಡಿದ್ದೆವು. ಹೈಸ್ಕೂಲು ಮಕ್ಕಳನ್ನು ಮುಂದಕ್ಕೆ ಬಗ್ಗಿಸಿ ಬೆನ್ನೆಲುಬು ಓರೆಯಾಗಿದೆಯಾ ನೋಡುವಾಗ ಅಪ್ಪ ಅಮ್ಮನನ್ನು ಎರಡು ನಿಮಿಷ ಹೊರಗೆ ಕೂರಿಸಿದರೆ ಸಾಕು, ಎಷ್ಟೋ ವಿಷಯ ತಾನಾಗೇ ಬರುತ್ತದೆ. ಮಂಡಕ್ಕಿ ಭಟ್ಟಿಯ ಬೆಂಕಿ ಎದುರು ದುಡಿದು ಬೆನ್ನು ನೋವು ಅಂತ ಬಂದವರನ್ನು ಸಾಲ, ಕುಡಿತ, ಮನೆಯ ಗಲಾಟೆ ಬಗ್ಗೆ ನಾವು ಕೇಳುವುದೇ ಇಲ್ಲ.

ಉಲ್ಟಾನೂ ಆಗುತ್ತದೆ, ಅದು ಇನ್ನೂ ಕೆಟ್ಟದ್ದು. ಮಾನಸಿಕ ಕಾಯಿಲೆಗೆ ಔಷಧ ತೆಗೆದುಕೊಳ್ಳುವವರು ಕಾಲು ನೋವು ಅಂದರೆ ಯಾರೂ ನಂಬುವುದಿಲ್ಲ. ಆ ಔಷಧಗಳಲ್ಲಿ ಕೆಲವಕ್ಕೆ ಮೈ ಬಿಗಿಯುವ, ಕಾಲು ಒಂದು ಕಡೆ ನಿಲ್ಲದಂತೆ ಚಡಪಡಿಸುವ ಅಡ್ಡಪರಿಣಾಮ ಇದೆ. ಮುದುಕರು ಇದ್ದಕ್ಕಿದ್ದಂತೆ ಏನೇನೋ ಮಾತಾಡಿದರೆ ಅರಳುಮರಳು ಅಂತ ಕೈಬಿಡುತ್ತಾರೆ. ಮರೆವಿನ ಕಾಯಿಲೆ ಸಾಮಾನ್ಯವಾಗಿ ತಿಂಗಳು, ವರ್ಷ ಹಿಡಿದು ಬರುತ್ತದೆ. ಒಂದೆರಡು ದಿನದಲ್ಲಿ ಬಂದ ಗೊಂದಲಕ್ಕೆ ಮೂತ್ರದ ಸೋಂಕು ಇರಬಹುದು, ಬಿದ್ದು ಸೊಂಟದ ಮೂಳೆ ಮುರಿದಿರಬಹುದು. ಮೊದಲು ಅದನ್ನು ನೋಡಬೇಕು, ಅಲ್ವಾ?

ಇದಕ್ಕೆ ಹೊಸ ಯೋಜನೆ ಬೇಕಿಲ್ಲ. ಕಳೆದ ಎರಡು ವಾರದಲ್ಲಿ ಯಾವುದರಲ್ಲೂ ಆಸಕ್ತಿ ಇಲ್ಲ ಅನಿಸಿತಾ, ಮನಸ್ಸು ಕುಗ್ಗಿತ್ತಾ ಅನ್ನುವ ಎರಡು ಪ್ರಶ್ನೆ, 30 ದಾಟಿದವರಿಗೆ ಆಶಾ ಕಾರ್ಯಕರ್ತೆಯರು ತುಂಬುವ ಫಾರ್ಮಿನಲ್ಲಿ ಈಗಾಗಲೇ ಇವೆ. ವಯಸ್ಸಾದವರಿಗೆ ನಡೆಯುವಾಗ ತೂರಾಡುತ್ತದಾ ಅಂತಲೂ ಇದೆ. ಆದರೆ ಬಾಗಿಲಲ್ಲಿ ನಿಂತು, ಸೊಸೆ ಮುಂದೆ ಅತ್ತೆಯನ್ನು ಕೇಳಿದರೆ ಯಾರು ತಾನೇ ಹೌದು ಅಂತಾರೆ? ಆಶಾಗಳ ಮೇಲೆ ನನಗೆ ಸಿಟ್ಟಿಲ್ಲ, ಅವರ ಮೇಲಿನ ಕೆಲಸದ ಹೊರೆ ನನಗೆ ಗೊತ್ತು. ಜಿಲ್ಲೆಯ ಆರೋಗ್ಯ ಅಧಿಕಾರಿಗಳಲ್ಲಿ ನನ್ನ ಕೇಳಿಕೆ ಇಷ್ಟೇ. ಬಿಪಿ, ಶುಗರ್ ನೋಡುವ ದಿನ ಒಂದು ಪರದೆ, ಒಂದು ಸ್ಟೂಲ್, ತಲೆಗೆ ಹತ್ತು ನಿಮಿಷ ಕೊಡಿ. ಕೈ ಸಾಲದಿದ್ದರೆ ದಾವಣಗೆರೆ, ಚಿತ್ರದುರ್ಗದಲ್ಲಿ ನರ್ಸಿಂಗ್ ಓದುವ ಮಕ್ಕಳಿದ್ದಾರೆ. ಹಳ್ಳಿ ಪೋಸ್ಟಿಂಗ್‌ಗೆ ಹೇಗೂ ಬರುತ್ತಾರೆ, ಅವರಿಗೆ ಇದನ್ನೇ ಕೆಲಸ ಕೊಡಿ. ಉಪಕೇಂದ್ರಗಳ ಗೋಡೆಯ ಮೇಲೆ ಟೆಲಿ ಮಾನಸ್ ಅನ್ನುವ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ನಂಬರನ್ನು ದೊಡ್ಡದಾಗಿ ಬರೆಸಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ ಅಂತಲೂ ಬರೆಸಿ.

ಆ ಸಿಸ್ಟರ್ ಅವತ್ತು ಇನ್ನೂ ಒಂಬತ್ತು ಮನೆಗೆ ಹೋಗಬೇಕಿತ್ತಂತೆ. ಅವ್ವ ಈಗಲೂ ಅವರ ದಾರಿ ಕಾಯುತ್ತಾಳೆ, ಬಂದರೆ ಬೊಗಸೆ ತುಂಬ ಶೇಂಗಾ ಕೊಟ್ಟು ಕಳಿಸುತ್ತಾಳೆ.

ಇಂತಿ,
ನಿವೃತ್ತ ಸ್ಟಾಫ್ ನರ್ಸ್, ದಾವಣಗೆರೆ