ಮಗಳಿಗೊಂದು ಪತ್ರ: ಇರುವೆಯ ಇನ್ನೊಂದು ಕಥೆ

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದಗಳು.

ನಿನ್ನ ತರಗತಿಯ ಮಕ್ಕಳಿಗಾಗಿ ಆರಿಸುತ್ತಿರುವ ಈಸೋಪನ ಕಥೆಗಳಲ್ಲಿ ಇರುವೆ ಮತ್ತು ಮಿಡತೆಯ ಕಥೆಯನ್ನು ಕೈಬಿಡಬೇಕೆಂದಿದ್ದೇನೆ, ಹಸಿದು ಬಂದವರನ್ನು ನಕ್ಕು ಅಟ್ಟುವ ಕಥೆಯನ್ನು ಯಾವ ಬಾಯಿಂದ ಹೇಳಲಿ ಎಂದು ಬರೆದಿದ್ದೀಯೆ. ಕೈಬಿಡಬೇಡ. ಇರುವೆಗಳ ಮನಸ್ಸು ಕರಗಿತು, ಮಿಡತೆಯನ್ನು ಒಳಗೆ ಕರೆದು ಉಣಬಡಿಸಿದವು ಎಂದು ಈಚಿನ ಕೆಲವು ಮಕ್ಕಳ ಪುಸ್ತಕಗಳಲ್ಲಿರುವಂತೆ ಕೊನೆಯನ್ನು ತಿದ್ದುವುದೂ ನನಗೆ ಸರಿಕಾಣುವುದಿಲ್ಲ.

ನಿನ್ನ ಕೈಯಲ್ಲಿರುವುದು 1912ರಲ್ಲಿ ಪ್ರಕಟವಾದ ವರ್ನನ್ ಜೋನ್ಸ್ ಅವರ ಇಂಗ್ಲಿಷ್ ಅನುವಾದವಲ್ಲವೇ? ಅದನ್ನು ಮತ್ತೊಮ್ಮೆ ನಿಧಾನವಾಗಿ ಓದು. ಚಳಿಗಾಲದ ಒಂದು ದಿನ ಮಳೆಯ ತೇವ ತಗುಲಿದ ಕಾಳನ್ನು ಇರುವೆಗಳು ಹರಡಿ ಒಣಗಿಸುತ್ತಿರುವಾಗ ಮಿಡತೆ ಬಂದು ನಾಲ್ಕು ಕಾಳು ಬೇಡುತ್ತದೆ. ಇರುವೆಗಳು ಕ್ಷಣಕಾಲ ಕೆಲಸ ನಿಲ್ಲಿಸುತ್ತವೆ. ಹಾಗೆ ನಿಲ್ಲಿಸುವುದು ಅವುಗಳ ತತ್ತ್ವಕ್ಕೆ ವಿರುದ್ಧವಾಗಿತ್ತು ಎಂದು ಜೋನ್ಸ್ ನಡುವೆ ಒಂದು ಮಾತು ಸೇರಿಸುತ್ತಾರೆ. ಬೇಸಿಗೆಯೆಲ್ಲ ಹಾಡಿದ್ದರೆ ಚಳಿಗಾಲದಲ್ಲಿ ಕುಣಿ ಎಂಬ ಉತ್ತರವೂ ಇರುವೆಗಳ ನಗುವೂ ಗ್ರೀಕ್ ಮೂಲದಲ್ಲಿಯೇ ಇವೆ, ಆದರೆ ತತ್ತ್ವದ ಆ ಚುಚ್ಚುಮಾತು ಅಲ್ಲಿಲ್ಲ. ಅನುವಾದಕರಿಗೂ ಇರುವೆಗಳ ಮೇಲೆ ಪೂರ್ತಿ ಗೌರವವಿರಲಿಲ್ಲವೆಂದು ನನಗನ್ನಿಸುತ್ತದೆ.

ಅದೇ ಪುಸ್ತಕದಲ್ಲಿ ‘ಇರುವೆ’ ಎಂಬ ಪುಟ್ಟ ಕಥೆಯೊಂದಿದೆ, ನೀನು ಪುಟ ಮಗುಚಿಬಿಟ್ಟಿರಬೇಕು. ಇರುವೆಗಳು ಹಿಂದೆ ಮನುಷ್ಯರಾಗಿದ್ದವು, ಉತ್ತು ಬಿತ್ತಿ ಬದುಕುತ್ತಿದ್ದವು. ಆದರೆ ತಮ್ಮ ಬೆಳೆ ಸಾಲದೆ ನೆರೆಯವರ ಹೊಲದ ಮೇಲೆ ಕಣ್ಣಿಟ್ಟು, ಸಮಯ ಸಿಕ್ಕಾಗಲೆಲ್ಲ ಕದ್ದು ತಂದು ತಮ್ಮ ಕಣಜ ತುಂಬಿಕೊಳ್ಳುತ್ತಿದ್ದುದರಿಂದ ದೇವರಾಜ ಜೂಪಿಟರನು ಸಿಟ್ಟಿಗೆದ್ದು ಅವರನ್ನು ಇರುವೆಗಳನ್ನಾಗಿ ಮಾಡಿದನು. ರೂಪ ಬದಲಾಯಿತು, ಚಾಳಿ ಬಿಡಲಿಲ್ಲ. ಇಂದಿಗೂ ಪರರ ಹೊಲದ ಕಾಳನ್ನೇ ಹೊತ್ತು ತರುತ್ತವೆ. ಈಸೋಪನ ಕಥೆಗಳನ್ನು ಗುರುತಿಸಲು ವಿದ್ವಾಂಸರು ಬಳಸುವ ಪೆರಿ ಸೂಚಿ ಎಂಬ ಪಟ್ಟಿಯಲ್ಲಿ ಇದು 166ನೆಯ ಕಥೆ, ಮಿಡತೆಯದು 373ನೆಯದು. 1692ರಲ್ಲಿಯೇ ರೋಜರ್ ಲೆಸ್ಟ್ರೇಂಜ್ ಈ ಕಳ್ಳ ಇರುವೆಯ ಕಥೆಯನ್ನು ಇಂಗ್ಲಿಷಿನಲ್ಲಿ ಹೇಳಿ, ಅನೇಕ ಸಂದರ್ಭಗಳಲ್ಲಿ ಗುಣಕ್ಕೂ ದುರ್ಗುಣಕ್ಕೂ ಹೆಸರಿನ ಹೊರತು ವ್ಯತ್ಯಾಸ ಕಾಣುವುದು ಕಷ್ಟವೆಂದು ಟಿಪ್ಪಣಿ ಬರೆದಿದ್ದರು. ಹಾಗಿದ್ದರೂ ಪಠ್ಯಪುಸ್ತಕಗಳಿಗೆ ಬೇಕಾದದ್ದು ದುಡಿಯುವ ಇರುವೆ ಮಾತ್ರ. ಕದಿಯುವ ಇರುವೆಗೆ ಅಲ್ಲಿ ಜಾಗ ಸಿಕ್ಕಲಿಲ್ಲ.

ಹಾಡುವವಳ ಪಾಡೂ ಹೀಗೆಯೇ. ಗ್ರೀಕ್ ಕಥೆಯಲ್ಲಿ ಬೇಡಲು ಬರುವುದು ಮಿಡತೆಯಲ್ಲ, ಮರದಲ್ಲಿ ಕುಳಿತು ಕೂಗುವ ಜೀರುಂಡೆ. ಪ್ಲೇಟೋನ ‘ಫೀಡ್ರಸ್’ ಸಂವಾದದಲ್ಲಿ, ಅಥೆನ್ಸಿನ ಹೊರಗೆ ಇಲಿಸಸ್ ಹೊಳೆಯ ದಡದ ಮರದ ನೆರಳಿನಲ್ಲಿ ಕುಳಿತ ಸಾಕ್ರೆಟೀಸನು, ಮಟಮಟ ಮಧ್ಯಾಹ್ನ ತಲೆಯ ಮೇಲೆ ಜೀರುಂಡೆಗಳು ಹಾಡುತ್ತಿರುವಾಗ ಅವುಗಳ ಹುಟ್ಟಿನ ಕಥೆ ಹೇಳುತ್ತಾನೆ. ಅವೂ ಹಿಂದೆ ಮನುಷ್ಯರೇ. ಕಲಾದೇವಿಯರು ಹುಟ್ಟಿ ಹಾಡು ಮೊದಲಾದಾಗ ಅನ್ನನೀರು ಮರೆತು ಹಾಡಿ ಹಾಡಿ ಸತ್ತು ಜೀರುಂಡೆಗಳಾದವರು. ಯಾವ ಮನುಷ್ಯ ಆ ದೇವಿಯರನ್ನು ಗೌರವಿಸಿದನೆಂದು ಅವರಿಗೆ ತಿಳಿಸುವುದು ಈಗ ಅವುಗಳ ಕೆಲಸ. ಹಾಡಿದ್ದು ತಪ್ಪೆಂದು ಆ ನಾಡಿನವರೆಲ್ಲ ಒಪ್ಪಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಹತ್ತೊಂಬತ್ತನೆಯ ಶತಮಾನದಲ್ಲಿ ಕೀಟಗಳನ್ನು ಕಣ್ಣಾರೆ ನೋಡಿ ಬರೆದ ಫ್ರಾನ್ಸಿನ ಫಾಬ್ರ್ ಅಂತೂ ಕಥೆಯನ್ನೇ ತಿರುಗಿಸಿಬಿಟ್ಟರು. ಜೀರುಂಡೆ ಕಾಳು ತಿನ್ನುವುದೇ ಇಲ್ಲ, ಚಳಿಗಾಲಕ್ಕೆ ಅದು ಬದುಕಿರುವುದೂ ಇಲ್ಲ. ಬಿರುಬೇಸಿಗೆಯಲ್ಲಿ ಅದು ತೊಗಟೆಗೆ ಸೂಜಿಯಂಥ ಕೊಂಡಿ ಚುಚ್ಚಿ ರಸ ಹೀರುವಾಗ, ಬಾಯಾರಿದ ಇರುವೆಗಳು ಮುತ್ತಿ, ಕಾಲು ಕಚ್ಚಿ, ರೆಕ್ಕೆ ಎಳೆದು ಅದನ್ನು ಅಲ್ಲಿಂದ ಓಡಿಸುತ್ತವೆ. ಅವರ ಲೆಕ್ಕದಲ್ಲಿ ಬೇಡುವುದೂ ಕಸಿಯುವುದೂ ಇರುವೆಯೇ.

ಆದುದರಿಂದ ಮಕ್ಕಳಿಗೆ ಮೊದಲು ಮಿಡತೆಯ ಕಥೆಯನ್ನು ಆ ನಗುವಿನೊಂದಿಗೇ ಓದಿ ಹೇಳು, ಮರುದಿನ ಕಳ್ಳ ಇರುವೆಯದನ್ನು ಓದು. ಎರಡಕ್ಕೂ ನೀತಿವಾಕ್ಯ ಬರೆಸಬೇಡ. ಮಕ್ಕಳು ತಾವಾಗಿ ಜಗಳಕ್ಕಿಳಿದರೆ ಯಾರು ಯಾವ ಕಡೆ ನಿಂತರೆಂದು ನನಗೆ ಬರೆದು ತಿಳಿಸು.

ನಿನ್ನ ಅಪ್ಪ