ವರ್ಷಾವಾಸ ಮುಗಿಯಿತು: ಪ್ರಶ್ನೆ ಕೇಳಿದವರಿಗೆಲ್ಲ ವಂದನೆ

ಆಷಾಢ ಹುಣ್ಣಿಮೆಯ ಮರುದಿನ ಶುರುವಾದ ವರ್ಷಾವಾಸ ಆಶ್ವಯುಜ ಹುಣ್ಣಿಮೆಗೆ ಮುಗಿಯಿತು. ಬೌದ್ಧ ಭಿಕ್ಷುಗಳಿಗೆ ಇದು ಒಂದೇ ಕಡೆ ನೆಲೆನಿಂತು ಸಾಧನೆ ಮಾಡುವ ಮೂರು ತಿಂಗಳು. ಮನೆ, ಮಕ್ಕಳು, ಡ್ಯೂಟಿ, ಇಎಂಐ ಇರುವವರು ಹಾಗೆ ನೆಲೆ ನಿಲ್ಲುವುದೆಲ್ಲಿ? ಅದಕ್ಕೇ ಹನುಮಂತನಗರದ ನಮ್ಮ ಭಾನುವಾರದ ಧ್ಯಾನ ಕೂಟ ಇಟ್ಟುಕೊಂಡ ನಿಯಮ ಸರಳ: ಇರುವ ಕೆಲಸದಲ್ಲೇ ಎಚ್ಚರ ಇಟ್ಟುಕೊಳ್ಳುವುದು, ತಪ್ಪಿದಾಗ ಮತ್ತೆ ಹಿಡಿಯುವುದು, ಹಿಡಿದ ಮನಸ್ಸು ಎಂಥದ್ದು ಎಂದೂ ನೋಡುವುದು. ಕಷ್ಟವಿರುವುದು ಈ ಮೂರನೆಯದರಲ್ಲಿ. ಅದು ಸ್ಪಷ್ಟವಾದದ್ದು ಬಂದವರ ಪ್ರಶ್ನೆಗಳಿಂದ. ಆದ್ದರಿಂದ ಈ ವಂದನೆ ಮುಖ್ಯವಾಗಿ ಅವರಿಗೇ.

ಮಹಡಿಯ ಹಾಲ್ ಬಿಟ್ಟುಕೊಟ್ಟ ಮನೆಯವರಿಗೆ, ಚಾಪೆ ಮಡಿಸಿಟ್ಟವರಿಗೆ, ಅವಲಕ್ಕಿ ಕಲಸಿ ತಂದ ಅಮ್ಮಂದಿರಿಗೆ ಮೊದಲ ನಮಸ್ಕಾರ. ಕುರ್ಚಿ ಬೇಕೆಂದು ಕೇಳಿ ಪಡೆದ ಹಿರಿಯರಿಗೂ ಥ್ಯಾಂಕ್ಸ್. ಕುರ್ಚಿ ಧ್ಯಾನ ಕಡಿಮೆ ದರ್ಜೆಯದಲ್ಲ. ಪ್ಲಾಸ್ಟಿಕ್ ಕುರ್ಚಿಯ ಆಸನ ಸಾಮಾನ್ಯವಾಗಿ ಹಿಂದಕ್ಕೆ ಇಳಿಜಾರು; ಸೊಂಟ ಕುಸಿದು ಬೆನ್ನು ಗೂನಾಗುವುದು ಅದರಿಂದಲೇ. ಹಿಂಬದಿಗೆ ಮಡಿಸಿದ ಟವೆಲ್ ಇಟ್ಟರೆ ಸರಿಹೋಗುತ್ತದೆ. ಮೊಣಕಾಲು ಸೊಂಟಕ್ಕಿಂತ ಮೇಲೇರಬಾರದು, ಪಾದ ಪೂರ್ತಿ ನೆಲಕ್ಕೆ ತಾಗಬೇಕು. ನೆಲದ ಮೇಲೆ ಕೂರುವವರಿಗೆ ಮೂರು ನಾಲ್ಕು ಇಂಚಿನ ಗಟ್ಟಿ ದಿಂಬು ಸಾಕು. ಕಾಲು ಜೋಮು ಹಿಡಿದರೆ ಹಲ್ಲು ಕಚ್ಚಿ ಕೂರಬೇಕಿಲ್ಲ. ‘ಬದಲಿಸಬೇಕು’ ಎಂಬ ಒತ್ತಾಯವನ್ನು ಸ್ವಲ್ಪ ನೋಡಿ, ಆಮೇಲೆ ತಿಳಿದೇ ಬದಲಿಸಿ.

“ಕೂತರೆ ತಲೆನೋವು ಬರುತ್ತೆ” ಎಂದವರಿಗೆ ಎಲ್ಲರಿಗಿಂತ ಹೆಚ್ಚಿನ ಋಣ. ಹುಬ್ಬುಗಳ ನಡುವೆ ಬಿಗಿತ, ಕಣ್ಣುಗುಡ್ಡೆಗಳ ಹಿಂದೆ ಒತ್ತಡ, ತಡೆತಡೆದು ಬರುವ ಉಸಿರು. ಬೇರೆ ಕಾಯಿಲೆ ಇಲ್ಲದವರಲ್ಲಿ ಇದಕ್ಕೆ ಸಾಮಾನ್ಯ ಕಾರಣ, ಏನೋ ಆಗಬೇಕು ಎಂದು ಕಾದು ಕೂತಿರುವುದು. ಶಾಂತಿ ಬೇಕು ಎಂಬ ಆಸೆಯೂ ಲೋಭವೇ. (ಆಫೀಸುಗಳಲ್ಲಿ ‘ಸ್ಟ್ರೆಸ್ ಹೋಗುತ್ತೆ’ ಎಂದು ಮಾರುವ ಮೈಂಡ್‌ಫುಲ್‌ನೆಸ್‌ನ ದೊಡ್ಡ ತೊಡಕು ಇದು, ಮೊದಲ ದಿನವೇ ಫಲಕ್ಕೆ ಕೈ ಚಾಚಿಸುತ್ತದೆ.) ಎಚ್ಚರದ ಅಭ್ಯಾಸ ಕಲಿಸುವ ಸತಿಪಟ್ಠಾನ ಸುತ್ತದ (ಸುತ್ತ ಎಂದರೆ ಬುದ್ಧನ ಉಪದೇಶ) ಆರಂಭದಲ್ಲೇ ಷರತ್ತು ಇದೆ: ಅಭಿಜ್ಝಾ ಮತ್ತು ದೋಮನಸ್ಸ, ಅಂದರೆ ಹಪಹಪಿ ಮತ್ತು ಅಸಮಾಧಾನ, ಎರಡನ್ನೂ ಬದಿಗಿಟ್ಟು ನೋಡಬೇಕು. ಪಾದ ಒಡೆದು ರಕ್ತ ಬರುವಷ್ಟು ಚಂಕ್ರಮಣ, ಅಂದರೆ ನಡೆದಾಡುತ್ತ ಧ್ಯಾನ, ಮಾಡಿದ ಸೋಣ ಭಿಕ್ಷುವಿಗೆ ಬುದ್ಧ ವೀಣೆಯ ತಂತಿಯ ಮಾತು ಹೇಳಿದ್ದೂ ಇದೇ ಕಾರಣಕ್ಕೆ. ತಂತಿ ತೀರ ಬಿಗಿಯಾದರೂ ನುಡಿಯದು, ಸಡಿಲವಾದರೂ ನುಡಿಯದು.

ಹಾಗಾಗಿ ಬೆಳಗ್ಗೆ ಧ್ಯಾನಕ್ಕೆ ಕೂರುವ 20 ನಿಮಿಷದಲ್ಲಿ ಉಸಿರನ್ನು ಅಟ್ಟಿಸಿಕೊಂಡು ಹೋಗಬೇಡಿ. ಕುಳಿತ ಮೇಲೆ ಕೇಳಿಕೊಳ್ಳಿ: ಈಗ ಏನು ಗೊತ್ತಾಗುತ್ತಿದೆ? ಸ್ಪರ್ಶವೋ, ಶಬ್ದವೋ, ಯೋಚನೆಯೋ, ಯಾವುದಾದರೂ ಸರಿ. ಆಮೇಲೆ: ನೋಡುತ್ತಿರುವ ಮನಸ್ಸು ಏನನ್ನಾದರೂ ಬಯಸುತ್ತಿದೆಯೇ, ತಳ್ಳುತ್ತಿದೆಯೇ? ಇದಕ್ಕೆ ಉತ್ತರ ಹುಡುಕಿ ಬರೆದುಕೊಳ್ಳುವ ಅಗತ್ಯವಿಲ್ಲ, ಕೇಳಿದರೆ ಸಾಕು. ‘ಬಯಸುತ್ತಿದೆ’ ಎಂದು ಗೊತ್ತಾದ ತಕ್ಷಣ ಹಣೆ ಸಡಿಲವಾಗುವುದು ಹಲವರ ಅನುಭವ.

“ಕೋಪ, ಕೋಪ ಅಂತ ಹೇಳಿಕೊಂಡರೂ ಹೋಗಲಿಲ್ಲ” ಎಂದು ದೂರಿದವರಿಗೂ ವಂದನೆ. ಓಡಿಸುವುದಕ್ಕೆಂದು ಹೆಸರು ಹಚ್ಚಿದರೆ ಅದು ಕೋಪದ ಮೇಲೆ ಇನ್ನೊಂದು ಕೋಪ. ಸತಿಪಟ್ಠಾನ ಸುತ್ತ ಹೇಳುವುದು ದ್ವೇಷ ತುಂಬಿದ ಚಿತ್ತವನ್ನು ದ್ವೇಷ ತುಂಬಿದ ಚಿತ್ತ ಎಂದು ತಿಳಿಯಿರಿ ಎಂದು, ಅಟ್ಟಿ ಎಂದಲ್ಲ. ಎದೆಯ ಬಿಸಿ, ದವಡೆಯ ಬಿಗಿ, ‘ಅವನು ಹೀಗೆ ಮಾಡಬಾರದಿತ್ತು’ ಎಂಬ ಮಾತು: ಮೂರನ್ನೂ ಬೇರೆ ಬೇರೆ ನೋಡಿ. ಮಾತು ಮತ್ತೆ ಬಂದಾಗಲೆಲ್ಲ ಬಿಸಿ ಏರುವುದು ಕಾಣುತ್ತದೆ. ಯಾವುದು ಯಾವುದಕ್ಕೆ ಸೌದೆ ಒಟ್ಟುತ್ತಿದೆ ಎಂದು ಕಂಡದ್ದೇ ಪ್ರಜ್ಞೆ, ಅಂದರೆ ವಿವೇಕದ ತಿಳಿವು. ಬರಿಯ ಸತಿ, ಅಂದರೆ ಎಚ್ಚರ, ಅಲ್ಲಿವರೆಗೆ ತಂದು ನಿಲ್ಲಿಸುತ್ತದೆ, ಅಷ್ಟೆ.

ಬೆಳಿಗ್ಗೆ ಎಂಟರ ಅಡುಗೆಮನೆಯನ್ನು ಚರ್ಚೆಗೆ ತಂದ ಅಕ್ಕಂದಿರ ಉಪಕಾರ ಮರೆಯುವಂತಿಲ್ಲ. ಹುರುಳಿಕಾಯಿ ಹೆಚ್ಚುತ್ತಿರುವಾಗ ಕುಕ್ಕರ್ ಎರಡನೇ ವಿಷಲ್, ಹಾಲು ಉಕ್ಕುವ ಹಂತ, ಒಳಗಿನಿಂದ “ಅಮ್ಮಾ, ಸಾಕ್ಸ್ ಎಲ್ಲಿ?” ಅಲ್ಲಿ ಎಲ್ಲವನ್ನೂ ಗಮನಿಸಹೊರಟರೆ ಬೆರಳು ಕೊಯ್ಯುತ್ತದೆ. ಗಮನ ಚಾಕುವಿನ ಕೈಯಲ್ಲಿರಲಿ, ವಿಷಲ್ ತಾನಾಗಿ ಕೇಳಿಸುತ್ತದೆ. ಧಾವಂತ ಬಂತೋ, ಭುಜ ಕಿವಿಯ ಕಡೆಗೆ ಏರಿದೆ, ಉಸಿರು ಗಿಡ್ಡವಾಗಿದೆ, ‘ಬಸ್ ತಪ್ಪುತ್ತೆ’ ಎಂಬ ಯೋಚನೆ ಓಡುತ್ತಿದೆ. ಅದನ್ನೇ ನೋಡಿ. ಕೈಯ ವೇಗ ಬೇರೆ, ಮನಸ್ಸಿನ ಧಾವಂತ ಬೇರೆ. ಕೈ ಬೇಗ ಬೇಗ ನಡೆಯುತ್ತಿದ್ದೂ ಧಾವಂತ ಇಳಿಯಬಹುದು. ನಿಧಾನವಾಗಿ ಮಾಡಿದರೆ ಮಾತ್ರ ಧ್ಯಾನ ಎಂಬ ಭ್ರಮೆ ಬಿಟ್ಟರೆ ಬೆಂಗಳೂರಿನಲ್ಲಿ ಅಭ್ಯಾಸಕ್ಕೆ ಜಾಗ ಸಿಗುತ್ತದೆ. ಹೊಸಬರು ಎಚ್ಚರ ನೆನಪಿಸಲು ದಿನಕ್ಕೆ ಎರಡೋ ಮೂರೋ ಗುರುತು ಇಟ್ಟುಕೊಳ್ಳಿ: ನಲ್ಲಿ ತಿರುಗಿಸುವುದು, ಮೆಟ್ಟಿಲು ಹತ್ತುವುದು, ಮೊಬೈಲ್ ಎತ್ತುವ ಮುನ್ನ. ಹತ್ತು ಇಟ್ಟುಕೊಂಡವರು ವಾರದಲ್ಲಿ ಎಲ್ಲವನ್ನೂ ಬಿಡುತ್ತಾರೆ.

ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನ ಪಾರ್ಕಿಂಗ್ ಜಗಳವನ್ನು ಉದಾಹರಣೆಯಾಗಿ ಕೊಟ್ಟ ಸರ್‌ಗೆ ವಿಶೇಷ ಧನ್ಯವಾದ; ಸಂಪಜಞ್ಞದ, ಅಂದರೆ ಸ್ಪಷ್ಟ ತಿಳಿವಿನ, ನಾಲ್ಕು ಬಗೆ ಅಷ್ಟು ಚೆನ್ನಾಗಿ ಬೇರೆಲ್ಲೂ ಅರ್ಥವಾಗದು. ಪಾಳಿ ವ್ಯಾಖ್ಯಾನಗಳಾದ ಅಟ್ಠಕಥೆಗಳ ಕ್ರಮ ಇದು. ಈ ಉತ್ತರದಿಂದ ಪ್ರಯೋಜನ ಇದೆಯೇ? ಇದ್ದರೂ ರಾತ್ರಿ ಹನ್ನೊಂದಕ್ಕೆ, ಎಲ್ಲರೆದುರು ಹಾಕುವುದು ತಕ್ಕುದೇ, ಅಥವಾ ನಾಳೆ ಲಿಫ್ಟ್ ಹತ್ತಿರ ಎರಡು ಮಾತು ಆಡಿದರೆ ಆಗದೇ? ಟೈಪ್ ಮಾಡುವಾಗ ಎಚ್ಚರ ತನ್ನ ನೆಲೆಯಲ್ಲೇ ಇದೆಯೇ? ಕೊನೆಯದು ಮೋಹವಿಲ್ಲದ ತಿಳಿವು: ಕೋಪ ಕಾರಣಗಳಿಂದ ಹುಟ್ಟಿ ಹೋಗುವ ಒಂದು ಚಿತ್ತಸ್ಥಿತಿ, ಅದನ್ನು ‘ನಾನು, ನನ್ನ ಮರ್ಯಾದೆ’ ಎಂದು ಹಿಡಿದುಕೊಂಡಿದ್ದೇನೆಯೇ? ಮೊದಲ ಎರಡು ಪ್ರಶ್ನೆಗಳಲ್ಲೇ ಬಹುಪಾಲು ಮೆಸೇಜು ಡಿಲೀಟ್ ಆಗುತ್ತವೆ. ಕಳಿಸಿಬಿಟ್ಟಿದ್ದರೂ ಅಭ್ಯಾಸ ಮುಗಿಯಲಿಲ್ಲ. ಮಾಡುವ ಮೊದಲು, ಮಾಡುವಾಗ, ಮಾಡಿದ ಮೇಲೆ ಮೂರೂ ಸಲ ಪರಿಶೀಲಿಸು ಎಂದು ಬುದ್ಧ ಮಗ ರಾಹುಲನಿಗೆ ಹೇಳಿದ್ದು ಬುದ್ಧನ ಉಪದೇಶಗಳ ಸಂಗ್ರಹವಾದ ಮಜ್ಝಿಮ ನಿಕಾಯದ 61ನೇ ಸುತ್ತದಲ್ಲಿದೆ.

ತೂಕಡಿಸಿದವರಿಗೂ ಜೈ! ಮೊಗ್ಗಲ್ಲಾನನಂಥ ಮಹಾಶಿಷ್ಯನೇ ತೂಕಡಿಸಿದ್ದ. ಆಗ ಬುದ್ಧ ಕೊಟ್ಟ ಉಪಾಯಗಳಲ್ಲಿ ಕಿವಿ ಎಳೆದುಕೊಳ್ಳುವುದು, ಕಣ್ಣಿಗೆ ನೀರು ಹಾಕಿಕೊಂಡು ಆಕಾಶ ನೋಡುವುದು, ನಡೆದಾಡುವುದು ಇವೆ. ಕೊನೆಗೂ ಆಗದಿದ್ದರೆ ಬಲಮಗ್ಗುಲಿಗೆ ಮಲಗುವುದೂ ಇದೆ. ನೈಟ್ ಶಿಫ್ಟ್ ಮುಗಿಸಿ ಬಂದವರು ನೇರ ಈ ಕೊನೆಯದಕ್ಕೇ ಬನ್ನಿ.

ಟೂ ವೀಲರ್‌ನಲ್ಲಿ ಬರುವವರಿಗೆ ಒಂದು ಮಾತು. ಓಡಿಸುವಾಗ ಉಸಿರು ನೋಡಬೇಡಿ, ಇಯರ್‌ಫೋನಿನಲ್ಲಿ ಧ್ಯಾನದ ಆಡಿಯೋ ಬೇಡವೇ ಬೇಡ. ರಸ್ತೆ, ಕನ್ನಡಿ, ಹಾರ್ನ್, ಇವೇ ಆಗಿನ ಆಲಂಬನ, ಅಂದರೆ ಗಮನ ಇಡುವ ವಿಷಯ. ಸಿಗ್ನಲ್‌ನಲ್ಲಿ ಕಾಲೂರಿ ನಿಂತಾಗ ಹ್ಯಾಂಡಲ್ ಮೇಲಿನ ಹಿಡಿತ ಎಷ್ಟು ಬಿಗಿಯಾಗಿದೆ ನೋಡಿ.

ನಿದ್ದೆಯೇ ಬಾರದಿರುವುದು, ಗಾಬರಿಯ ಅಲೆ, ಬದುಕು ಸಾಕೆನಿಸುವುದು ಇದ್ದವರು ನಮ್ಮ ಹತ್ತಿರ ಮುಚ್ಚಿಡದೆ ಹೇಳಿದ್ದಕ್ಕೆ, ಅವರನ್ನು ಡಾಕ್ಟರ ಬಳಿ ಕರೆದೊಯ್ದ ಮನೆಯವರಿಗೆ ಕೈಮುಗಿಯುತ್ತೇವೆ. ಧ್ಯಾನ ಔಷಧಿಗೆ ಬದಲಿಯಲ್ಲ. ಮಾತ್ರೆಯನ್ನು ತಾವಾಗಿ ನಿಲ್ಲಿಸಬೇಡಿ. ಕೂತಾಗ ಭಯ ಹೆಚ್ಚಾದರೆ ಕಣ್ಣು ತೆರೆದು, ಪಾದ ನೆಲಕ್ಕೊತ್ತಿ, ಸುತ್ತಲಿನ ವಸ್ತುಗಳನ್ನು ನೋಡಿ. ಕಡಿಮೆಯಾಗದಿದ್ದರೆ ಅವತ್ತಿಗೆ ಎದ್ದುಬಿಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಇಷ್ಟೆಲ್ಲ ನಮ್ಮ ಕೈಗೆ ಬಂದದ್ದು ದೊಡ್ಡವರ ದಾರಿಯಿಂದ. ಆಚಾರ್ಯ ಬುದ್ಧರಕ್ಖಿತರು 1956ರಲ್ಲಿ ಕಟ್ಟಿದ ಗಾಂಧಿನಗರದ ಮಹಾಬೋಧಿ ಸೊಸೈಟಿ ಈ ಊರಿನಲ್ಲಿ ಧಮ್ಮದ, ಅಂದರೆ ಬುದ್ಧನ ಬೋಧನೆಯ, ಬಾಗಿಲು ತೆರೆದಿಟ್ಟಿದೆ. ನೋಡುವ ಮನಸ್ಸಿನ ಧೋರಣೆಯನ್ನೇ ನೋಡು ಎಂಬ ಪಾಠ ಬರ್ಮಾದ ಶ್ವೇ ಊ ಮಿನ್ ಪರಂಪರೆಯದು. ಅದನ್ನು ಇಂದು ಕಲಿಸುವ ಸಯಾಡೋ (ಹಿರಿಯ ಭಿಕ್ಷುವಿನ ಬಿರುದು) ಊ ತೇಜನಿಯ ಕಾವಿ ತೊಡುವ ಮುನ್ನ ಬಟ್ಟೆ ವ್ಯಾಪಾರದ ನಡುವೆಯೇ ಅಭ್ಯಾಸ ಮಾಡಿದವರು. ಚಿಕ್ಕಪೇಟೆಯ ಅಂಗಡಿಯವರೊಬ್ಬರಿಗೆ ಇದೊಂದು ವಿಷಯ ತುಂಬ ಇಷ್ಟವಾಯಿತು.

ವರ್ಷಾವಾಸದ ಕೊನೆಗೆ ಭಿಕ್ಷುಗಳು ಪವಾರಣಾ ನಡೆಸುತ್ತಾರೆ: ನನ್ನಲ್ಲಿ ಕಂಡ, ಕೇಳಿದ, ಶಂಕೆ ಬಂದ ತಪ್ಪಿದ್ದರೆ ಕರುಣೆಯಿಟ್ಟು ಹೇಳಿ ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುವ ವಿಧಿ. ನಾವು ಭಿಕ್ಷುಗಳಲ್ಲ, ಆದರೂ ಅದನ್ನೇ ಕೇಳುತ್ತಿದ್ದೇವೆ. ಪಾಳಿ ಪದ ಜಾಸ್ತಿಯಾಯಿತೇ, ಮೌನದ ಹೊತ್ತು ಕಡಿಮೆಯಾಯಿತೇ, ಯಾರಾದರೂ ಹೇಳುತ್ತಿದ್ದ ಮಾತನ್ನು ನಡುವೆ ತಡೆದೆವೇ? ಭಾನುವಾರ ಏಳಕ್ಕೆ ಬಂದಾಗ ಬಾಯಿಬಿಟ್ಟು ಹೇಳಿ. ಎದುರಿಗೆ ಸಂಕೋಚವಾದರೆ ಚೀಟಿಯಲ್ಲಿ ಬರೆದು ಕೊಡಿ, ಹೆಸರು ಹಾಕುವುದು ಬೇಡ.